ಹೃದಯಾಘಾತ, ಬೈಪಾಸ್ ನಂತರ ಮರೆವು ಕಾಡುತ್ತಿದೆಯೇ? ಕಂಪ್ಯೂಟರ್ ತರಬೇತಿಯಿಂದ ಎಷ್ಟು ಅನುಕೂಲ? ಇಲ್ಲಿದೆ ಮಾಹಿತಿ

ಪುಣೆ: ಬೈಪಾಸ್ ಆಗಿ ಎರಡು ತಿಂಗಳಾಯಿತು. ಎದೆಯ ಹೊಲಿಗೆ ಒಣಗಿದೆ, ನೋವಿಲ್ಲ, ಬೆಳಗ್ಗೆ ಅರ್ಧ ಗಂಟೆ ವಾಕಿಂಗ್ ಕೂಡ ಶುರುವಾಗಿದೆ. ಆದರೆ ಹಾಲಿನವನ ಲೆಕ್ಕ ತಪ್ಪುತ್ತಿದೆ. ಒಲೆಯ ಮೇಲಿಟ್ಟ ಚಹಾ ಉಕ್ಕಿ ಹೋಗುತ್ತಿದೆ. ಎಟಿಎಂ ಪಿನ್ ಬಾಯಿಗೆ ಬರುತ್ತಿಲ್ಲ. ಟಿವಿಯಲ್ಲಿ ಸುದ್ದಿ ನೋಡಿದ ಐದೇ ನಿಮಿಷಕ್ಕೆ ಏನು ನೋಡಿದೆ ಎಂಬುದು ಮಸುಕಾಗುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗಿನ ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನ ದಿನವೂ ಕಾಡುತ್ತಿದೆ. ಮನೆಯವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: 'ವಯಸ್ಸಾಯ್ತಲ್ಲ, ಆಪರೇಷನ್ ಬೇರೆ ಆಗಿದೆ, ಸುಮ್ಮನೆ ಇರಿ.'

ಹೃದ್ರೋಗ ಇರುವ ಮನೆಗಳಲ್ಲಿ ಇದು ಹೊಸ ದೃಶ್ಯವೇನಲ್ಲ. ಪುಣೆಯಂತಹ ನಗರದಲ್ಲಂತೂ ಇದಕ್ಕೆ ಇನ್ನೊಂದು ಮುಖವೂ ಇದೆ. ಸಸೂನ್ ಸರ್ಕಾರಿ ಆಸ್ಪತ್ರೆ, ರೂಬಿ ಹಾಲ್ ಕ್ಲಿನಿಕ್, ದೀನಾನಾಥ್ ಮಂಗೇಶ್ಕರ್ ಆಸ್ಪತ್ರೆ, ಸೇನೆಯ ಹೃದಯ ಚಿಕಿತ್ಸಾ ಸಂಸ್ಥೆ ಹೀಗೆ ದೊಡ್ಡ ಆಸ್ಪತ್ರೆಗಳಿರುವ ಈ ಊರಿಗೆ ಸೊಲ್ಲಾಪುರ, ಸಾಂಗ್ಲಿ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರೂ, ವಿಜಯಪುರ, ಕಲಬುರಗಿ ಭಾಗದವರೂ ಚಿಕಿತ್ಸೆಗೆ ಬರುತ್ತಾರೆ. ಮಗನೋ ಮಗಳೋ ಇಲ್ಲಿ ಐಟಿ ಕೆಲಸದಲ್ಲಿದ್ದರೆ ಅಪ್ಪ ಅಮ್ಮನ ಚಿಕಿತ್ಸೆಯೂ ಇಲ್ಲೇ. ಗೊತ್ತಿಲ್ಲದ ಊರು, ಅರ್ಧಂಬರ್ಧ ಬರುವ ಮರಾಠಿ, ಹತ್ತು ಬಗೆಯ ಮಾತ್ರೆ. ಇದರ ಜೊತೆಗೆ ನೆನಪು ಕೈಕೊಟ್ಟರೆ?

ಇಂಥವರಿಗಾಗಿಯೇ ಈಗ ಕೇಳಿಬರುತ್ತಿರುವ ಹೆಸರು ಕಂಪ್ಯೂಟರ್ ಆಧಾರಿತ ಕಾಗ್ನಿಟಿವ್ ರಿಹ್ಯಾಬಿಲಿಟೇಶನ್. ಸರಳವಾಗಿ ಹೇಳುವುದಾದರೆ ನೆನಪು, ಗಮನ, ಯೋಚನೆಯ ವೇಗ ಮತ್ತು ನಿರ್ಧಾರ ಮಾಡುವ ಶಕ್ತಿಗೆ ಕಂಪ್ಯೂಟರ್ ಪರದೆಯ ಮೇಲೆ ಕೊಡುವ ವ್ಯಾಯಾಮ. ಇದರಿಂದ ಉಪಯೋಗ ಇದೆಯೇ? ಇದೆ. ಜಾಹೀರಾತು ಹೇಳುವಷ್ಟು ಇದೆಯೇ? ಇಲ್ಲ. ಎಷ್ಟು, ಯಾರಿಗೆ, ಯಾವಾಗ ಎಂಬುದನ್ನು ತಿಳಿಯಬೇಕಾದರೆ ಮೊದಲು ಹೃದಯಕ್ಕೂ ಮಿದುಳಿಗೂ ಇರುವ ನಂಟನ್ನು ನೋಡಬೇಕು.

ಹೃದಯ ಸೋತರೆ ಮಿದುಳಿಗೇನಾಗುತ್ತದೆ?

ಮಿದುಳಿನ ತೂಕ ದೇಹದ ತೂಕದ ಸುಮಾರು ಶೇ.2 ಮಾತ್ರ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಶೇ.15ರಿಂದ 20ರಷ್ಟು ಪಾಲು ಅದಕ್ಕೇ ಬೇಕು. ಹೃದಯದ ಪಂಪಿಂಗ್ ಶಕ್ತಿ ಕುಗ್ಗಿದಾಗ ಈ ಪೂರೈಕೆ ಕಡಿಮೆಯಾಗುತ್ತದೆ. ಹೊಸ ವಿಷಯವನ್ನು ನೆನಪಿಟ್ಟುಕೊಳ್ಳಲು ನೆರವಾಗುವ ಹಿಪೊಕ್ಯಾಂಪಸ್ ಎಂಬ ಭಾಗ ರಕ್ತ ಮತ್ತು ಆಮ್ಲಜನಕದ ಕೊರತೆಯನ್ನು ಹೆಚ್ಚು ತಾಳಿಕೊಳ್ಳುವುದಿಲ್ಲ.

ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಬಡಿತ ಲಯ ತಪ್ಪುವ ಸಮಸ್ಯೆ ಇರುವವರಲ್ಲಿ ಹೃದಯದೊಳಗೆ ಸಣ್ಣ ಸಣ್ಣ ರಕ್ತದ ಹೆಪ್ಪುಗಳು ಉಂಟಾಗಿ ಮಿದುಳಿಗೆ ಹೋಗಬಹುದು. ದೊಡ್ಡ ಹೆಪ್ಪು ಹೋದರೆ ಪಾರ್ಶ್ವವಾಯು. ತೀರಾ ಸಣ್ಣವು ಹೋದರೆ ಹೊರಗೆ ಏನೂ ಕಾಣುವುದಿಲ್ಲ, ಆದರೆ ಹಾನಿ ಒಂದಕ್ಕೊಂದು ಸೇರುತ್ತಾ ಹೋಗುತ್ತದೆ. ಇನ್ನು ಬಿಪಿ, ಶುಗರ್, ಧೂಮಪಾನ ಹೃದಯದ ರಕ್ತನಾಳಗಳನ್ನು ಹಾಳು ಮಾಡುವಾಗ ಮಿದುಳಿನ ಕೂದಲೆಳೆಯಂಥ ನಾಳಗಳನ್ನು ಬಿಟ್ಟುಬಿಡುತ್ತವೆಯೇ? ಅಲ್ಲೂ ಅದೇ ಕೆಲಸ ನಡೆದಿರುತ್ತದೆ.

ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2024ರ ಅಕ್ಟೋಬರ್‌ನಲ್ಲಿ ಈ ವಿಷಯದ ಮೇಲೆ ಪ್ರತ್ಯೇಕ ವೈಜ್ಞಾನಿಕ ಹೇಳಿಕೆಯನ್ನೇ ಪ್ರಕಟಿಸಿತು. ಅದರ ಪ್ರಕಾರ ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಶೇ.14ರಿಂದ 81ರಷ್ಟು ಮಂದಿಗೆ ಒಂದಲ್ಲ ಒಂದು ಮಟ್ಟದಲ್ಲಿ ನೆನಪು, ಭಾಷೆ ಅಥವಾ ಯೋಚನೆಯ ತೊಂದರೆ ಕಂಡುಬಂದಿದೆ. ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಲ್ಲಿ ಇಂಥ ತೊಂದರೆಯ ಅಪಾಯ ಶೇ.39ರಷ್ಟು ಹೆಚ್ಚು. ಹೃದಯದ ರಕ್ತನಾಳಗಳ ಕಾಯಿಲೆ ಇದ್ದವರಲ್ಲಿ ಡಿಮೆನ್ಶಿಯಾ ಅಪಾಯ ಶೇ.27ರಷ್ಟು ಹೆಚ್ಚು. 14 ಎಲ್ಲಿ, 81 ಎಲ್ಲಿ ಎಂದು ಹುಬ್ಬೇರಿಸಬೇಡಿ. ಯಾವ ಪರೀಕ್ಷೆ ಬಳಸಿದರು, ಕಾಯಿಲೆ ಎಷ್ಟು ತೀವ್ರವಾಗಿತ್ತು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಅತಿ ಕಡಿಮೆ ಲೆಕ್ಕ ಹಿಡಿದರೂ ಏಳು ಜನರಲ್ಲಿ ಒಬ್ಬರಿಗೆ ಈ ಸಮಸ್ಯೆ ಇದೆ ಎಂದಾಯಿತು.

ಹಾರ್ಟ್-ಲಂಗ್ ಮೆಷಿನ್‌ನಿಂದಲೇ ಮರೆವು ಬರುತ್ತದೆಯೇ?

ಬೈಪಾಸ್ ಆದವರ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಇದು. 'ಆ ಮೆಷಿನ್‌ಗೆ ಹಾಕಿದ ಮೇಲೆ ತಲೆ ಮೊದಲಿನ ಹಾಗಿಲ್ಲ.' ವಿದೇಶಗಳಲ್ಲಿ ಇದಕ್ಕೆ 'ಪಂಪ್ ಹೆಡ್' ಎಂಬ ಅಡ್ಡಹೆಸರೇ ಇದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಜ್ಞರು ಬೈಪಾಸ್ ಆದ 261 ಮಂದಿಯನ್ನು ಐದು ವರ್ಷ ಗಮನಿಸಿ 2001ರಲ್ಲಿ ವರದಿ ನೀಡಿದ್ದರು. ಡಿಸ್ಚಾರ್ಜ್ ಹೊತ್ತಿಗೆ ಶೇ.53ರಷ್ಟು ಮಂದಿಯಲ್ಲಿ ಅರಿವಿನ ಶಕ್ತಿ ಕುಂದಿತ್ತು. ಆರು ವಾರಕ್ಕೆ ಅದು ಶೇ.36ಕ್ಕೆ, ಆರು ತಿಂಗಳಿಗೆ ಶೇ.24ಕ್ಕೆ ಇಳಿಯಿತು. ಇಲ್ಲಿಗೆ ಕಥೆ ಮುಗಿದಿದ್ದರೆ ನೆಮ್ಮದಿ. ಆದರೆ ಐದು ವರ್ಷದ ಹೊತ್ತಿಗೆ ಅದು ಮತ್ತೆ ಶೇ.42ಕ್ಕೆ ಏರಿತ್ತು.

ಮೊದಲ ಕೆಲವು ವಾರಗಳ ಮಂಕುತನಕ್ಕೆ ಅರಿವಳಿಕೆ, ಐಸಿಯುನ ನಿದ್ದೆಗೇಡು, ನೋವಿನ ಮಾತ್ರೆ, ದೇಹದ ಉರಿಯೂತ ಎಲ್ಲವೂ ಕಾರಣ. ಐದು ವರ್ಷದ ನಂತರದ ಕುಸಿತಕ್ಕೂ ಮೆಷಿನ್ನನ್ನೇ ದೂರಬಹುದೇ? ಇದನ್ನು ತಿಳಿಯಲು ಮೆಷಿನ್ ಇಲ್ಲದೆ, ಬಡಿಯುವ ಹೃದಯದ ಮೇಲೇ ಮಾಡುವ 'ಆಫ್ ಪಂಪ್' ಬೈಪಾಸ್ ಆದವರನ್ನೂ ಹೋಲಿಸಿ ನೋಡಲಾಯಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2,203 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ 'ರೂಬಿ' ಎಂಬ ಪ್ರಯೋಗದಲ್ಲಿ (ಪುಣೆಯ ಆಸ್ಪತ್ರೆಗೂ ಈ ಹೆಸರಿಗೂ ಸಂಬಂಧವಿಲ್ಲ) ಎರಡೂ ಗುಂಪುಗಳ ನೆನಪಿನ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ನೇ ಮಾಡಿಸಿಕೊಳ್ಳದ ಹೃದ್ರೋಗಿಗಳಲ್ಲೂ ವರ್ಷಗಳು ಕಳೆದಂತೆ ಇಂಥದ್ದೇ ಕುಸಿತ ಇರುವುದನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ತೋರಿಸಿತು.

ಅಂದರೆ ದೀರ್ಘಕಾಲದ ಮರೆವಿನ ಮೂಲ ರಕ್ತನಾಳಗಳ ಕಾಯಿಲೆಯಲ್ಲೇ ಇದೆ. ಮರೆವಿಗೆ ಹೆದರಿ ಬೈಪಾಸ್ ಮುಂದೂಡುವವರು ಈ ಅಂಶವನ್ನು ಗಮನಿಸಬೇಕು. ಸ್ಟೆಂಟ್ ಹಾಕಿಸಿಕೊಂಡವರು 'ನಮಗೆ ಆಪರೇಷನ್ ಆಗಿಲ್ಲವಲ್ಲ' ಎಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಒಂದು ಮಾತ್ರೆ ಮರೆತರೆ ಏನಾಗುತ್ತದೆ?

ಕನ್ನಡಕ ಎಲ್ಲಿಟ್ಟೆ ಎಂದು ಮರೆತರೆ ಹತ್ತು ನಿಮಿಷ ಹುಡುಕಬಹುದು. ಹೃದ್ರೋಗಿಯ ಮರೆವಿನ ಬೆಲೆ ಅದಕ್ಕಿಂತ ಬಹಳ ದೊಡ್ಡದು.

ಕೃತಕ ಲೋಹದ ವಾಲ್ವ್ ಹಾಕಿಸಿಕೊಂಡವರನ್ನು ತೆಗೆದುಕೊಳ್ಳಿ. ಅವರು ಜೀವನಪೂರ್ತಿ ವಾರ್ಫರಿನ್ ಅಥವಾ ನಿಕೋಮಲೋನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳಬೇಕು. ಡೋಸ್ ಆಗಾಗ ಬದಲಾಗುತ್ತದೆ, ಸೋಮವಾರ ಒಂದು, ಮಂಗಳವಾರ ಅರ್ಧ ಎಂದೂ ಇರುತ್ತದೆ. ಮರೆತು ಬಿಟ್ಟರೆ ವಾಲ್ವ್ ಮೇಲೆ ಹೆಪ್ಪು ಕಟ್ಟಬಹುದು. ತೆಗೆದುಕೊಂಡದ್ದನ್ನು ಮರೆತು ಎರಡನೇ ಬಾರಿ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ. ನಮ್ಮ ದೇಶದಲ್ಲಿ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟವರು ಇನ್ನೂ ಬಹಳ ಇದ್ದಾರೆ. ಇವರಲ್ಲಿ ಅನೇಕರು ಮೂವತ್ತು ನಲವತ್ತರ ವಯಸ್ಸಿನವರು. ಹಾಗಾಗಿ ಇದನ್ನು ಮುದುಕರ ಸಮಸ್ಯೆ ಎಂದು ಬದಿಗಿಡುವಂತಿಲ್ಲ.

ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಎರಡು ಬಗೆಯ ರಕ್ತ ತೆಳುವಾಗಿಸುವ ಮಾತ್ರೆ ಇರುತ್ತದೆ. ಅದನ್ನು ತಪ್ಪಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತ ಆಗುವ ಭಯ. ಹಾರ್ಟ್ ಫೇಲ್ಯೂರ್ ಇದ್ದವರ ದಿನಚರಿಯಂತೂ ಒಂದು ಪರೀಕ್ಷೆಯೇ ಸರಿ. ಪ್ರತಿದಿನ ಬೆಳಗ್ಗೆ ತೂಕ ನೋಡಿ ಬರೆದಿಡಬೇಕು, ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚಾದರೆ ವೈದ್ಯರಿಗೆ ತಿಳಿಸಬೇಕು, ಉಪ್ಪು ಮಿತಿಯಲ್ಲಿರಬೇಕು, ನೀರಿಗೆ ಮಿತಿ ಹೇಳಿದ್ದರೆ ಅದರ ಲೆಕ್ಕವೂ ಇಡಬೇಕು. ನಿನ್ನೆಯ ತೂಕ ನೆನಪಿಟ್ಟು ಇಂದಿನದರ ಜೊತೆ ಹೋಲಿಸಿ ಏನು ಮಾಡಬೇಕೆಂದು ನಿರ್ಧರಿಸುವುದಕ್ಕೆ ಬೇಕಾಗುವುದು ಯಾವ ಶಕ್ತಿಯೋ, ಈ ಕಾಯಿಲೆಯಲ್ಲಿ ಕುಂದುವುದೂ ಅದೇ.

'ಹೇಳಿದ ಮಾತು ಕೇಳುವುದಿಲ್ಲ, ಪಥ್ಯ ಮಾಡುವುದಿಲ್ಲ' ಎಂದು ರೋಗಿಯನ್ನು ಗದರುವ ಮೊದಲು ಮನೆಯವರು ಯೋಚಿಸಬೇಕಾದದ್ದು ಇಲ್ಲೇ. ಅವರು ಕೇಳುತ್ತಿಲ್ಲವೋ, ಕೇಳಿದ್ದು ಉಳಿಯುತ್ತಿಲ್ಲವೋ?

ಮೊದಲು ಕಾರಣ ಹುಡುಕಿ: ಪುಣೆಯ ಅಧ್ಯಯನ ಹೇಳುವ ಪಾಠ

ಮರೆವು ಇದೆ ಎಂದಾಕ್ಷಣ ಕಂಪ್ಯೂಟರ್ ಮುಂದೆ ಕೂರಿಸುವುದು ಸರಿಯಲ್ಲ. ಸರಿಪಡಿಸಬಹುದಾದ ಕಾರಣ ಇದೆಯೇ ಎಂದು ಮೊದಲು ನೋಡಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಪುಣೆಯಲ್ಲೇ ಇದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ತಂಡ ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮ ವರ್ಗದ 441 ನಡುವಯಸ್ಸಿನ ಪುರುಷರ ರಕ್ತ ಪರೀಕ್ಷಿಸಿ 2006ರಲ್ಲಿ ವರದಿ ಪ್ರಕಟಿಸಿತ್ತು. ಅವರಲ್ಲಿ ಶೇ.67ರಷ್ಟು ಮಂದಿಗೆ ವಿಟಮಿನ್ ಬಿ12 ಕಡಿಮೆ ಇತ್ತು. ನಗರದ ಮಧ್ಯಮ ವರ್ಗದಲ್ಲಂತೂ ಈ ಪ್ರಮಾಣ ಶೇ.81! ಸಸ್ಯಾಹಾರ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಬಿ12 ಕೊರತೆ ಇದ್ದರೆ ಮರೆವು, ಮಂಕುತನ, ಕೈಕಾಲು ಜೋಮು ಬರುತ್ತದೆ. ಶುಗರ್ ಇರುವವರು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಬಿ12 ಇನ್ನಷ್ಟು ಇಳಿಯಬಹುದು. ಹೃದ್ರೋಗಿಗಳಲ್ಲಿ ಶುಗರ್ ಇರುವವರು ಎಷ್ಟು ಮಂದಿ ಎಂದು ಬೇರೆ ಹೇಳಬೇಕಿಲ್ಲ. ಒಂದು ರಕ್ತ ಪರೀಕ್ಷೆ, ಕೆಲವು ಇಂಜೆಕ್ಷನ್ ಅಥವಾ ಮಾತ್ರೆಯಿಂದ ಸರಿಹೋಗುವ ಮರೆವಿಗೆ ತಿಂಗಳುಗಟ್ಟಲೆ ತರಬೇತಿ ಕೊಡಿಸುವುದರಲ್ಲಿ ಅರ್ಥವಿಲ್ಲ.

ಬಿ12 ಜೊತೆಗೆ ನೋಡಬೇಕಾದ್ದು ಇನ್ನೂ ಇವೆ. ಕಾಲಿನ ಊತ ಇಳಿಸಲು ಕೊಡುವ ಮೂತ್ರದ ಮಾತ್ರೆಯಿಂದ ಸೋಡಿಯಂ ಇಳಿದರೆ ರೋಗಿ ಗೊಂದಲಕ್ಕೊಳಗಾಗುತ್ತಾರೆ. ಬಡಿತದ ಲಯ ಸರಿಪಡಿಸುವ ಅಮಿಯೊಡರೋನ್ ಮಾತ್ರೆ ಥೈರಾಯ್ಡ್ ಮೇಲೆ ಪರಿಣಾಮ ಬೀರಬಹುದು. ರಕ್ತಹೀನತೆ, ಗೊರಕೆಯ ಜೊತೆ ನಿದ್ದೆಯಲ್ಲಿ ಉಸಿರು ಕಟ್ಟುವ ಸಮಸ್ಯೆ, ಸರಿಯಾಗಿ ಕೇಳಿಸದಿರುವುದು ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ. ಇನ್ನೊಂದು ದೊಡ್ಡ ಕಾರಣ ಖಿನ್ನತೆ. ಹೃದಯಾಘಾತವಾದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಇರುತ್ತದೆ. 'ಏನೂ ಬೇಡ ಅನ್ನಿಸುತ್ತೆ' ಎಂದು ಕುಳಿತವರಿಗೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಪರೀಕ್ಷೆ ಯಾವ ಭಾಷೆಯಲ್ಲಿ?

ನೆನಪು, ಗಮನ ಅಳೆಯಲು ಹೆಚ್ಚು ಬಳಕೆಯಲ್ಲಿರುವುದು 'ಮೋಕಾ' ಎಂಬ ಪುಟ್ಟ ಪರೀಕ್ಷೆ. ಕೆನಡಾದ ಮಾಂಟ್ರಿಯಲ್‌ನ ಡಾ. ಜಿಯಾದ್ ನಸ್ರೆದ್ದೀನ್ ರೂಪಿಸಿದ ಇದು 30 ಅಂಕದ್ದು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗಡಿಯಾರದ ಚಿತ್ರ ಬಿಡಿಸಿ, ಐದು ಪದ ಕೇಳಿಸಿಕೊಂಡು ಸ್ವಲ್ಪ ಹೊತ್ತಿನ ಮೇಲೆ ಹೇಳಿ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂಬಂಥ ಪ್ರಶ್ನೆಗಳು. 26ಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಬೇಕು ಎಂಬುದು ಮೂಲ ಲೆಕ್ಕ.

ಈ ಲೆಕ್ಕವನ್ನು ನಮ್ಮವರಿಗೆ ಕಣ್ಣುಮುಚ್ಚಿ ಅನ್ವಯಿಸಿದರೆ ಎಡವಟ್ಟಾಗುತ್ತದೆ. ನಾಲ್ಕನೇ ತರಗತಿ ಓದಿ, ಜೀವನಪೂರ್ತಿ ಜೋಳ ಬೆಳೆದು ಸಂಸಾರ ಸಾಗಿಸಿದ ಇಂಡಿ ತಾಲೂಕಿನ ರೈತರೊಬ್ಬರಿಗೆ ಪುಣೆಯಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಈ ಪ್ರಶ್ನೆ ಕೇಳಿದರೆ ಅಂಕ ಕಡಿಮೆ ಬರುವುದು ಖಚಿತ. ಅದು ಮಿದುಳಿನ ದೋಷವೋ ಭಾಷೆಯ ದೋಷವೋ ಹೇಳುವವರು ಯಾರು? ಮಗ ಪಕ್ಕದಲ್ಲಿ ನಿಂತು ಅನುವಾದಿಸಿದರೂ ಆಗದು. ಅನುವಾದಿಸುವಾಗ ಗೊತ್ತಿಲ್ಲದೆಯೇ ಸುಳಿವು ಕೊಟ್ಟುಬಿಡುತ್ತಾನೆ.

ಮೋಕಾ ಪರೀಕ್ಷೆ ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಅಷ್ಟೇ ಅಲ್ಲ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಮ್ಮ ದೇಶದವರಿಗೆಂದೇ ರೂಪಿಸಿದ ನ್ಯೂರೋ ಕಾಗ್ನಿಟಿವ್ ಟೂಲ್‌ಬಾಕ್ಸ್ ಮೊದಲು ಸಿದ್ಧವಾದ ಐದು ಭಾಷೆಗಳಲ್ಲಿ ಕನ್ನಡವೂ ಒಂದು. ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಉಳಿದವು. ಹಾಗಾಗಿ ಪರೀಕ್ಷೆಗೆ ಹೋಗುವ ಮೊದಲು 'ಕನ್ನಡದಲ್ಲಿ ಮಾಡುವವರಿದ್ದಾರೆಯೇ?' ಎಂದು ಧೈರ್ಯವಾಗಿ ಕೇಳಿ. ಪುಣೆಯಲ್ಲಿ ಸಿಗದಿದ್ದರೆ ಊರಿಗೆ ಮರಳಿದಾಗ ಮಾಡಿಸಬಹುದು. ಆಪರೇಷನ್ ಮೊದಲೇ ನಿಗದಿಯಾಗಿದ್ದರೆ ಅದಕ್ಕೂ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿಟ್ಟುಕೊಂಡರೆ ಆಮೇಲೆ ಹೋಲಿಸಿ ನೋಡಲು ಸುಲಭ.

ಕಂಪ್ಯೂಟರ್ ತರಬೇತಿಯಲ್ಲಿ ಏನು ಮಾಡಿಸುತ್ತಾರೆ?

ನೋಡುವವರಿಗೆ ಇದು ವಿಡಿಯೋ ಗೇಮ್‌ನಂತೆಯೇ ಕಾಣುತ್ತದೆ. ಪರದೆಯ ಮೇಲೆ ದಿನಸಿ ಪಟ್ಟಿ ಬಂದು ಮಾಯವಾಗುತ್ತದೆ, ಅಂಗಡಿಯ ಕಪಾಟಿನಿಂದ ಆ ವಸ್ತುಗಳನ್ನೇ ಆರಿಸಬೇಕು. ಹಸಿರು ಬಣ್ಣ ಬಂದಾಗ ಬಟನ್ ಒತ್ತಬೇಕು, ಕೆಂಪು ಬಂದರೆ ಕೈ ತಡೆಯಬೇಕು. ಒಂದರ ಹಿಂದೊಂದು ಚಿತ್ರ ಬರುವಾಗ ಎರಡು ಚಿತ್ರದ ಹಿಂದೆ ನೋಡಿದ್ದೇ ಮತ್ತೆ ಬಂತೇ ಎಂದು ಹೇಳಬೇಕು. 'ಬ್ರೈನ್ ಎಚ್‌ಕ್ಯೂ' ಎಂಬ ತಂತ್ರಾಂಶದ ಒಂದು ವ್ಯಾಯಾಮದಲ್ಲಿ ಪರದೆಯ ನಡುವೆ ಒಂದು ವಾಹನ, ಅಂಚಿನಲ್ಲಿ ಒಂದು ರಸ್ತೆ ಫಲಕ ಮಿಂಚಿ ಮರೆಯಾಗುತ್ತವೆ. ಯಾವ ವಾಹನ, ಫಲಕ ಎಲ್ಲಿತ್ತು ಎರಡನ್ನೂ ಹೇಳಬೇಕು. ಸರಿ ಹೇಳಿದಷ್ಟೂ ಮಿಂಚುವ ಸಮಯ ಕಡಿಮೆಯಾಗುತ್ತಾ ಹೋಗುತ್ತದೆ.

ಗೇಮ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇರುವುದು. ರೋಗಿಯ ಮಟ್ಟ ನೋಡಿಕೊಂಡು ತಂತ್ರಾಂಶವೇ ಕಷ್ಟವನ್ನು ಏರಿಸುತ್ತದೆ, ಇಳಿಸುತ್ತದೆ. ತೀರಾ ಸುಲಭವಾದರೆ ಮಿದುಳಿಗೆ ಕೆಲಸವಿಲ್ಲ, ತೀರಾ ಕಷ್ಟವಾದರೆ ಬೇಸರ ಬಂದು ಎದ್ದುಹೋಗುತ್ತಾರೆ. ಪ್ರತಿ ಬಾರಿಯ ಅಂಕ ದಾಖಲಾಗುವುದರಿಂದ ಚಿಕಿತ್ಸಕರಿಗೆ ಪ್ರಗತಿ ಕಾಣುತ್ತದೆ. ಜರ್ಮನಿಯ 'ರೆಹಾಕಾಮ್' ಆಸ್ಪತ್ರೆಗಳಲ್ಲಿ ಬಳಸುವಂಥದ್ದು. 'ಕಾಗ್ನಿಫಿಟ್', ಬ್ರೈನ್ ಎಚ್‌ಕ್ಯೂ ಮನೆಯಲ್ಲಿ ಕೂತು ಮಾಡಬಹುದಾದಂಥವು. ಸಾಮಾನ್ಯವಾಗಿ ಒಂದು ಸೆಷನ್ ಅರ್ಧದಿಂದ ಒಂದು ಗಂಟೆ ಇದ್ದು, ಕೆಲವು ವಾರಗಳವರೆಗೆ ನಡೆಯುತ್ತದೆ. ಹೃದ್ರೋಗಿಗಳು ಬೇಗ ದಣಿಯುವುದರಿಂದ 20 ನಿಮಿಷಕ್ಕೊಮ್ಮೆ ವಿರಾಮ ಕೊಡುವುದು ಒಳ್ಳೆಯದು.

ಮೌಸ್ ಮುಟ್ಟದವರಿಗೆ ಟಚ್ ಸ್ಕ್ರೀನ್ ಸುಲಭ. ದೊಡ್ಡ ತೊಡಕು ಎಂದರೆ ಭಾಷೆ. ವಿದೇಶಿ ತಂತ್ರಾಂಶಗಳ ಸೂಚನೆಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿರುತ್ತವೆ, ಪದಗಳ ವ್ಯಾಯಾಮವೂ ಇಂಗ್ಲಿಷ್ ಪದಗಳದ್ದೇ. ಚಿತ್ರ ಮತ್ತು ಬಣ್ಣ ಆಧರಿಸಿದ ವ್ಯಾಯಾಮಗಳನ್ನು ಆರಿಸಿಕೊಂಡರೆ ಈ ತೊಡಕು ಕೊಂಚ ಕಡಿಮೆಯಾದೀತು.

ಕಂಪ್ಯೂಟರೇ ಬೇಕೆಂದೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಗೆ ಪೆಟ್ಟಾದವರು, ಪಾರ್ಶ್ವವಾಯು ಆದವರು, ಮಾನಸಿಕ ಕಾಯಿಲೆ ಇರುವವರಿಗೆ ಕಾಗ್ನಿಟಿವ್ ರೀಟ್ರೈನಿಂಗ್ ಕೊಡುವ ಪರಂಪರೆ ಹಳೆಯದು. ಅಲ್ಲಿ ಬಳಸುವ ವ್ಯಾಯಾಮಗಳಲ್ಲಿ ಒಂದು ಬೆರೆಸಿದ ಕಾಳುಗಳನ್ನು ಬೇರೆ ಮಾಡುವುದು! ಇನ್ನೊಂದು ಅಕ್ಷರಗಳ ಹಾಳೆಯಲ್ಲಿ ಹೇಳಿದ ಅಕ್ಷರವನ್ನು ಮಾತ್ರ ಹುಡುಕಿ ಹೊಡೆದುಹಾಕುವುದು. ಎಷ್ಟು ಹೊತ್ತು ತೆಗೆದುಕೊಂಡರು, ಎಷ್ಟು ತಪ್ಪಾಯಿತು ಎಂದು ಲೆಕ್ಕವಿಟ್ಟು ಹಂತಹಂತವಾಗಿ ಕಷ್ಟ ಹೆಚ್ಚಿಸಿದರೆ ಮೊರದಲ್ಲಿರುವ ಕಡಲೆ, ಹೆಸರುಕಾಳು ಕೂಡ ತರಬೇತಿಯ ಸಾಧನವೇ.

ನಿಜಕ್ಕೂ ಫಲ ಸಿಗುತ್ತದೆಯೇ? ಸಂಶೋಧನೆ ಹೇಳುವುದೇನು?

ಹೃದ್ರೋಗಿಗಳ ಮೇಲೇ ನಡೆದ ಅಧ್ಯಯನಗಳು ಇವೆ, ಆದರೆ ಹೆಚ್ಚಿನವು ಸಣ್ಣವು. ಅಮೆರಿಕದ ಸೂಸನ್ ಪ್ರೆಸ್ಲರ್ ತಂಡ 40 ಮಂದಿ ಹಾರ್ಟ್ ಫೇಲ್ಯೂರ್ ರೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಪ್ಯೂಟರ್ ತರಬೇತಿ ಪಡೆದವರ ನೆನಪಿನ ಶಕ್ತಿ, ಕೇವಲ ಆರೋಗ್ಯ ಮಾಹಿತಿ ಪಡೆದವರಿಗಿಂತ ಸುಧಾರಿಸಿತ್ತು. ಇಲ್ಲಿ ಗಮನಿಸಬೇಕಾದ ಅಂಶ ಏನೆಂದರೆ, ಕಂಪ್ಯೂಟರ್ ಕೊಟ್ಟು ಕೈತೊಳೆದುಕೊಂಡಿರಲಿಲ್ಲ. ನರ್ಸ್ ಒಬ್ಬರು ರೋಗಿಯ ಬೆನ್ನಿಗಿದ್ದರು. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಪ್ರಾಯೋಗಿಕ ಅಧ್ಯಯನವೊಂದರಲ್ಲಿ ವಾಕಿಂಗ್‌ನಂಥ ವ್ಯಾಯಾಮ ಮತ್ತು ಕಂಪ್ಯೂಟರ್ ತರಬೇತಿ ಎರಡನ್ನೂ ಒಟ್ಟಿಗೆ ಮಾಡಿದವರಲ್ಲಿ ಕೇಳಿದ್ದನ್ನು ನೆನಪಿಡುವ ಶಕ್ತಿ ಉತ್ತಮಗೊಂಡಿತು. ಬೈಪಾಸ್ ಆದವರಿಗೆ ಇಂಥ ತರಬೇತಿ ಕೊಟ್ಟು ನೋಡಿದ ಅಧ್ಯಯನಗಳು ಇರಾನ್, ಕೆನಡಾ, ಜರ್ಮನಿ, ರಷ್ಯಾಗಳಲ್ಲೂ ನಡೆದಿವೆ.

ಸಾಮಾನ್ಯ ಹಿರಿಯ ನಾಗರಿಕರ ಮೇಲಿನ ಅಧ್ಯಯನಗಳು ಇನ್ನೂ ದೊಡ್ಡವು. ಅಮೆರಿಕದ 'ಆ್ಯಕ್ಟಿವ್' ಪ್ರಯೋಗದಲ್ಲಿ 2,832 ಹಿರಿಯರಿದ್ದರು. ವಾಹನ-ಫಲಕದಂಥ ವೇಗದ ವ್ಯಾಯಾಮ ಮಾಡಿದ ಗುಂಪಿನಲ್ಲಿ ಹತ್ತು ವರ್ಷದ ನಂತರ ಡಿಮೆನ್ಶಿಯಾ ಅಪಾಯ ಶೇ.29ರಷ್ಟು ಕಡಿಮೆ ಇತ್ತು ಎಂದು 2017ರಲ್ಲಿ ವರದಿಯಾಯಿತು. ಕುತೂಹಲದ ಸಂಗತಿ ಎಂದರೆ ನೆನಪಿನ ತಂತ್ರಗಳನ್ನೇ ಕಲಿತ ಗುಂಪಿನಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ.

ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ 52 ಪ್ರಯೋಗಗಳನ್ನು ಒಟ್ಟು ಸೇರಿಸಿ ನಡೆಸಿದ ವಿಶ್ಲೇಷಣೆ ಮನೆಮಂದಿಗೆ ಹೆಚ್ಚು ಉಪಯುಕ್ತ. ಆರೋಗ್ಯವಂತ ಹಿರಿಯರ ಮೇಲಿನ ಈ ಪ್ರಯೋಗಗಳಲ್ಲಿ ಒಟ್ಟಾರೆ ಲಾಭ ಇತ್ತು, ಆದರೆ ಸಣ್ಣದು. ಮನೆಯಲ್ಲಿ ಯಾರ ಮೇಲ್ವಿಚಾರಣೆಯೂ ಇಲ್ಲದೆ ಒಬ್ಬರೇ ಮಾಡಿದವರಿಗೆ ಪ್ರಯೋಜನ ಆಗಿರಲಿಲ್ಲ. ವಾರಕ್ಕೆ ಮೂರು ಬಾರಿಗಿಂತ ಹೆಚ್ಚು ಮಾಡಿದಾಗಲೂ ಪ್ರಯೋಜನ ಕಂಡಿರಲಿಲ್ಲ. ದಿನವೂ ಮಾಡಲೇಬೇಕೆಂದು ಅಪ್ಪನಿಗೆ ಒತ್ತಾಯಿಸುವ ಮಕ್ಕಳು ಇದನ್ನು ನೆನಪಿಡಬಹುದು.

ತಜ್ಞರ ನಡುವೆ ಇನ್ನೂ ಬಗೆಹರಿಯದ ಜಗಳ ಒಂದಿದೆ. ಪರದೆಯ ಮೇಲೆ ಕಲಿತದ್ದು ಬದುಕಿಗೆ ಇಳಿಯುತ್ತದೆಯೇ? ಕೇರಂನಲ್ಲಿ ಪಳಗಿದವರಿಗೆ ಕ್ರಿಕೆಟ್ ತಾನಾಗಿ ಬರುವುದಿಲ್ಲ. ಹಾಗೆಯೇ ಚಿತ್ರ ನೆನಪಿಡುವ ವ್ಯಾಯಾಮದಲ್ಲಿ ಅಂಕ ಏರಿದವರು ಮಾತ್ರೆ ಮರೆಯುವುದನ್ನು ನಿಲ್ಲಿಸುತ್ತಾರೆ ಎಂಬ ಖಾತರಿ ಇಲ್ಲ. ತರಬೇತಿ ಕೊಟ್ಟ ಕೌಶಲ, ಅದಕ್ಕೆ ಹತ್ತಿರದ ಕೌಶಲಗಳು ಸುಧಾರಿಸುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ದೂರದ ಕೆಲಸಗಳಿಗೆ ಪುರಾವೆ ತೆಳು. ಹೃದಯಾಘಾತವನ್ನು ತಡೆಯುತ್ತದೆ, ಆಯುಷ್ಯ ಹೆಚ್ಚಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆ್ಯಪ್ ಖರೀದಿಸುವ ಮೊದಲು

ಮೊಬೈಲ್‌ನಲ್ಲಿ 'ಬ್ರೈನ್ ಟ್ರೈನಿಂಗ್' ಎಂದು ಹುಡುಕಿದರೆ ಸಾಲು ಸಾಲು ಆ್ಯಪ್‌ಗಳು ಬರುತ್ತವೆ. ಅಮೆರಿಕದ ಜನಪ್ರಿಯ 'ಲುಮೋಸಿಟಿ' ಕಂಪನಿ ತನ್ನ ಆಟಗಳಿಂದ ವಯಸ್ಸಿನ ಮರೆವು ತಡೆಯಬಹುದು ಎಂಬರ್ಥದ ಜಾಹೀರಾತು ನೀಡಿತ್ತು. ಅದಕ್ಕೆ ತಕ್ಕ ಪುರಾವೆ ಇಲ್ಲ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಪ್ರಕರಣ ಹೂಡಿದಾಗ 2016ರ ಜನವರಿಯಲ್ಲಿ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದಕ್ಕೂ ಮೊದಲು, 2014ರಲ್ಲಿ 70ಕ್ಕೂ ಹೆಚ್ಚು ವಿಜ್ಞಾನಿಗಳು ಇಂಥ ಆಟಗಳ ಅತಿರಂಜಿತ ಪ್ರಚಾರವನ್ನು ಖಂಡಿಸಿ ಹೇಳಿಕೆ ಹೊರಡಿಸಿದ್ದರು. ಸ್ವಲ್ಪ ದಿನಕ್ಕೇ ನೂರಕ್ಕೂ ಹೆಚ್ಚು ವಿಜ್ಞಾನಿಗಳು 'ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ' ಎಂದು ಪ್ರತಿ ಹೇಳಿಕೆ ಕೊಟ್ಟರು.

ಒಂದು ವರ್ಷದ ಚಂದಾ ಕಟ್ಟುವ ಮೊದಲು ಉಚಿತ ಅವಧಿಯಲ್ಲಿ ಎರಡು ವಾರ ಮಾಡಿ ನೋಡಿ. ಅಪ್ಪ ತಾವಾಗಿಯೇ ಬಂದು ಕೂರುತ್ತಾರೋ, ಒತ್ತಾಯಕ್ಕೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಒತ್ತಾಯಕ್ಕಾದರೆ ಹಣ ಉಳಿಸಿ.

ಯಾರನ್ನು ಕೇಳಬೇಕು? ಎಲ್ಲಿ ಸಿಗುತ್ತದೆ?

ಹೃದ್ರೋಗಿಗಳಿಗೆ ಡಿಸ್ಚಾರ್ಜ್ ನಂತರ ಕೊಡಬೇಕಾದ ಕಾರ್ಡಿಯಾಕ್ ರಿಹ್ಯಾಬ್, ಅಂದರೆ ವ್ಯಾಯಾಮ, ಆಹಾರ, ಒತ್ತಡ ನಿರ್ವಹಣೆಯ ಸಂಯೋಜಿತ ಕಾರ್ಯಕ್ರಮವೇ ನಮ್ಮ ದೇಶದಲ್ಲಿ ಎಲ್ಲರಿಗೂ ಸಿಗುತ್ತಿಲ್ಲ. ಇದೇ ಕಾರಣಕ್ಕೆ ಕಡಿಮೆ ಖರ್ಚಿನ ದಾರಿ ಹುಡುಕಲು ದೇಶದ 24 ಆಸ್ಪತ್ರೆಗಳಲ್ಲಿ 3,959 ಹೃದಯಾಘಾತದ ರೋಗಿಗಳ ಮೇಲೆ 'ಯೋಗ-ಕೇರ್' ಎಂಬ ಪ್ರಯೋಗ ನಡೆದು 2020ರಲ್ಲಿ ಫಲಿತಾಂಶ ಬಂತು. ಮತ್ತೆ ಹೃದಯಾಘಾತವಾಗುವುದನ್ನು, ಸಾವನ್ನು ಅದು ಸ್ಪಷ್ಟವಾಗಿ ಕಡಿಮೆ ಮಾಡಿದ್ದು ಸಾಬೀತಾಗಲಿಲ್ಲ. ಆದರೆ ಯೋಗ ಮಾಡಿದವರು ಹಿಂದಿನ ಕೆಲಸಗಳಿಗೆ ಮರಳುವುದರಲ್ಲಿ ಮುಂದಿದ್ದರು. ಹೀಗಿರುವಾಗ ರಿಹ್ಯಾಬ್‌ನೊಳಗೆ ನೆನಪಿನ ತರಬೇತಿಯೂ ಸೇರಿರುತ್ತದೆ ಎಂದು ನಿರೀಕ್ಷಿಸುವುದು ಕಷ್ಟ. ನೀವಾಗಿಯೇ ಕೇಳಬೇಕು.

ಪುಣೆಯಲ್ಲಿದ್ದರೆ ಮೊದಲು ನಿಮ್ಮ ಹೃದ್ರೋಗ ತಜ್ಞರಿಗೇ ವಿಷಯ ತಿಳಿಸಿ, ನರರೋಗ ವಿಭಾಗಕ್ಕೋ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಗೋ ಪತ್ರ ಕೇಳಿ. ಪಾರ್ಶ್ವವಾಯು ರೋಗಿಗಳಿಗೆ ತರಬೇತಿ ಕೊಡುವ ಆಕ್ಯುಪೇಶನಲ್ ಥೆರಪಿ, ಫಿಸಿಯೋಥೆರಪಿ ಕೇಂದ್ರಗಳಲ್ಲೂ ವಿಚಾರಿಸಬಹುದು. ಕರ್ನಾಟಕದಲ್ಲಿದ್ದರೆ ನಿಮ್ಹಾನ್ಸ್ ಇದೆ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ತೆರೆದಿರುವ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳಲ್ಲೂ ಮರೆವಿನ ತಪಾಸಣೆಗೆ ಹೋಗಬಹುದು.

ತರಬೇತಿ ಫಲ ಕೊಡುವವರೆಗೆ ಮಾತ್ರೆ ಕಾಯುವುದಿಲ್ಲವಲ್ಲ? ಅದಕ್ಕೆ ವಾರದ ಏಳು ದಿನಕ್ಕೆ ಖಾನೆ ಇರುವ ಮಾತ್ರೆ ಡಬ್ಬಿ ತನ್ನಿ. ಖಾನೆ ಖಾಲಿ ಇದ್ದರೆ ತೆಗೆದುಕೊಂಡಾಗಿದೆ ಎಂದರ್ಥ, ನೆನಪಿನ ಹಂಗಿಲ್ಲ. ಮೊಬೈಲ್‌ನಲ್ಲಿ ಅಲಾರಂ, ಗೋಡೆಯ ಕ್ಯಾಲೆಂಡರ್‌ನಲ್ಲಿ ತೂಕ ಬರೆಯುವ ಜಾಗ, ವಾರ್ಫರಿನ್ ಡೋಸ್ ಬದಲಾದಾಗ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ ಚೀಟಿ, ಇವು ಎಷ್ಟೋ ಬಾರಿ ದುಬಾರಿ ತಂತ್ರಾಂಶಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಕಾಗ್ನಿಟಿವ್ ರಿಹ್ಯಾಬ್‌ನ ಪಾಠಗಳಲ್ಲಿ ಇವೂ ಸೇರಿವೆ.

ಮರೆತ ಡೋಸ್ ಸರಿದೂಗಿಸಲು ಎರಡು ಮಾತ್ರೆ ಒಟ್ಟಿಗೆ ಕೊಡಬೇಡಿ, ವೈದ್ಯರಿಗೆ ಫೋನ್ ಮಾಡಿ ಕೇಳಿ. ಮರೆವು ನಿಧಾನವಾಗಿ ಬಂದಿದ್ದರೆ ಮುಂದಿನ ಫಾಲೋ ಅಪ್‌ವರೆಗೆ ಕಾಯಬಹುದು. ಆದರೆ ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮನೆಯವರ ಗುರುತೇ ಸಿಗದಂತೆ ಗೊಂದಲವಾದರೆ ಅದು ಪಾರ್ಶ್ವವಾಯು ಆಗಿರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ಸುಮಾರು ನಾಲ್ಕೂವರೆ ಗಂಟೆಯ ಅವಕಾಶ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಆಂಬುಲೆನ್ಸ್ ಸಂಖ್ಯೆ ಒಂದೇ: 108. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನು ಜೊತೆಗೇ ಒಯ್ಯಿರಿ, ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.